ಮೂರು ಪಂದ್ಯ, ಒಂದು ಕಪ್: ಸ್ಪೇನ್ ಫುಟ್ಸಾಲ್‌ನಲ್ಲಿ ಸಣ್ಣ ಊರಿನ ದೊಡ್ಡ ಗೆಲುವು

2018ರ ಮಾರ್ಚ್ ತಿಂಗಳ ಒಂದು ಭಾನುವಾರ. ಸ್ಪೇನ್ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಆಗ ವಿಜಿಂಕ್ ಸೆಂಟರ್ ಎಂದು ಕರೆಯಲಾಗುತ್ತಿದ್ದ ಒಳಾಂಗಣ ಕ್ರೀಡಾಂಗಣದ ಒಂದು ಪಾರ್ಶ್ವ ಹಳದಿ ಬಣ್ಣದಲ್ಲಿ ಮುಳುಗಿತ್ತು. ಸುಮಾರು 330 ಕಿ.ಮೀ. ದೂರದ ಹಾಯೆನ್ ಎಂಬ ಊರಿನಿಂದ ಬಂದಿದ್ದ ಸಾವಿರಾರು ಅಭಿಮಾನಿಗಳು ಅಲ್ಲಿ ಸೇರಿದ್ದರು. ಎದುರಾಳಿ ಸಾಮಾನ್ಯ ತಂಡವಲ್ಲ. ಹಿಂದಿನ ಎರಡು ವರ್ಷ ಇದೇ ಕಪ್ ಗೆದ್ದಿದ್ದ, ಯೂರೋಪಿನ ಹಾಲಿ ಚಾಂಪಿಯನ್ ಇಂಟರ್ ಮೊವಿಸ್ಟಾರ್. ಅಂದು ಸಂಜೆ ಕಪ್ ಎತ್ತಿ ಹಿಡಿದದ್ದು ಹಾಯೆನ್. ಅಲ್ಲಿಗೆ ಮೂರು ವರ್ಷಗಳ ಹಿಂದೆ, 2015ರಲ್ಲಿ, ಬಾರ್ಸಿಲೋನಾ ತಂಡವನ್ನು ಮಣಿಸಿ ಇದೇ ಪ್ರಶಸ್ತಿ ಗಳಿಸಿದ್ದ ಈ ತಂಡ, 2023ರಲ್ಲಿ ಮೂರನೆಯ ಬಾರಿಗೂ ಗೆದ್ದಿತು.

ಲೀಗ್ ಪಟ್ಟಿಯಲ್ಲಿ ಇಂಟರ್, ಬಾರ್ಸಿಲೋನಾ, ಮುರ್ಸಿಯಾ ನಗರದ ಎಲ್‌ಪೋಸೊ ಮುಂತಾದ ಸಿರಿವಂತ ತಂಡಗಳದ್ದೇ ದರಬಾರು. ಹೀಗಿರುವಾಗ ಸಣ್ಣ ಊರಿನ ತಂಡವೊಂದು ರಾಷ್ಟ್ರೀಯ ಕಪ್ ಅನ್ನು ಮತ್ತೆ ಮತ್ತೆ ಗೆಲ್ಲುವುದು ಹೇಗೆ? ಉತ್ತರದ ಒಂದು ಭಾಗ ಆಟದ ನಿಯಮಗಳಲ್ಲಿದೆ, ಇನ್ನೊಂದು ಭಾಗ ಕಪ್ ನಡೆಯುವ ರೀತಿಯಲ್ಲಿದೆ, ಮಿಕ್ಕಿದ್ದು ಆ ಊರಿನಲ್ಲಿದೆ.

ಐವರ ಆಟ

ಫುಟ್ಸಾಲ್ ಎಂದರೆ ಗಟ್ಟಿ ನೆಲದ ಮೇಲೆ, ಸಾಮಾನ್ಯವಾಗಿ ಒಳಾಂಗಣದಲ್ಲಿ, ಪ್ರತಿ ತಂಡದಲ್ಲಿ ಗೋಲ್‌ಕೀಪರ್ ಸೇರಿ ಐವರು ಆಡುವ ಫುಟ್‌ಬಾಲ್. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೋದ ವೈಎಂಸಿಎಯಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ಇದಕ್ಕೆ ರೂಪ ಕೊಟ್ಟರು. ಮೈದಾನ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲುಕಂಬಗಳ ನಡುವಿನ ಅಂತರ 3 ಮೀಟರ್, ಎತ್ತರ 2 ಮೀಟರ್. ಚೆಂಡು ಸಾಮಾನ್ಯ ಫುಟ್‌ಬಾಲ್‌ಗಿಂತ ಚಿಕ್ಕದು, ಪುಟಿಯುವುದೂ ಕಡಿಮೆ. 2 ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತದಲ್ಲಿ 65 ಸೆಂ.ಮೀ. ಮೀರಬಾರದು ಎಂಬುದು ನಿಯಮ. ಹೀಗಾಗಿ ಚೆಂಡು ಗಾಳಿಗಿಂತ ನೆಲದಲ್ಲೇ ಹೆಚ್ಚು ಓಡಾಡುತ್ತದೆ.

ತಲಾ 20 ನಿಮಿಷಗಳ ಎರಡು ಅವಧಿ. ಆದರೆ ಚೆಂಡು ಆಟದಿಂದ ಹೊರಹೋದಾಗಲೆಲ್ಲ ಗಡಿಯಾರ ನಿಲ್ಲುತ್ತದೆ. ಗಾಯದ ನೆಪದಲ್ಲಿ ನೆಲಕ್ಕೆ ಬಿದ್ದು ಸಮಯ ಕಳೆಯುವ ತಂತ್ರಕ್ಕೆ ಇಲ್ಲಿ ಬೆಲೆಯಿಲ್ಲ. ಫ್ರೀ ಕಿಕ್, ಕಾರ್ನರ್, ಪಕ್ಕದ ಗೆರೆಯಿಂದ ಹೊಡೆಯುವ ಕಿಕ್, ಎಲ್ಲವನ್ನೂ 4 ಸೆಕೆಂಡುಗಳೊಳಗೆ ಮುಗಿಸಬೇಕು. ಬದಲಿ ಆಟಗಾರರು 9 ಮಂದಿಯವರೆಗೆ ಇರಬಹುದು. ಅವರು ಆಟ ನಿಲ್ಲಿಸದೆ, ಎಷ್ಟು ಬಾರಿಯಾದರೂ ಒಳಗೆ ಹೊರಗೆ ಹೋಗಬಹುದು. ನಾಲ್ಕೈದು ನಿಮಿಷ ಉಸಿರುಗಟ್ಟಿ ಓಡಿದವನು ಬೆಂಚಿಗೆ ಬಂದು ಸುಧಾರಿಸಿಕೊಂಡು ಮತ್ತೆ ಇಳಿಯುತ್ತಾನೆ.

ಪಂದ್ಯದ ದಿಕ್ಕು ಬದಲಿಸುವ ನಿಯಮಗಳು

ಮೊದಲನೆಯದು ಆರನೆಯ ಫೌಲ್. ಡೈರೆಕ್ಟ್ ಫ್ರೀ ಕಿಕ್‌ಗೆ ಎಡೆಮಾಡುವ ತಪ್ಪುಗಳನ್ನು ಪ್ರತಿ ಅವಧಿಯಲ್ಲೂ ತಂಡದ ಲೆಕ್ಕಕ್ಕೆ ಬರೆಯಲಾಗುತ್ತದೆ. ಐದರವರೆಗೆ ಚಿಂತೆಯಿಲ್ಲ, ಎದುರಾಳಿಯ ಫ್ರೀ ಕಿಕ್‌ಗೆ ಆಟಗಾರರು ಗೋಡೆಯಂತೆ ಅಡ್ಡ ನಿಲ್ಲಬಹುದು. ಆರನೆಯ ತಪ್ಪಿನಿಂದ ಆ ಗೋಡೆಗೆ ಅವಕಾಶವಿಲ್ಲ. ಗೋಲಿನಿಂದ 10 ಮೀಟರ್ ದೂರದ ಗುರುತಿನಿಂದ ಎದುರಾಳಿ ನೇರವಾಗಿ ಒದೆಯಬಹುದು, ತಡೆಯಲು ಗೋಲ್‌ಕೀಪರ್ ಒಬ್ಬನೇ. ಎರಡನೆಯ ಅವಧಿಯ ಲೆಕ್ಕ ಹೆಚ್ಚುವರಿ ಅವಧಿಗೂ ಮುಂದುವರಿಯುತ್ತದೆ. ಬಲಿಷ್ಠ ತಂಡವನ್ನು ಒರಟುತನದಿಂದ ತಡೆಯಲು ಹೊರಡುವ ತಂಡ ಇಲ್ಲಿ ಬೇಗನೆ ಬೆಲೆ ತೆರುತ್ತದೆ. ಶಿಸ್ತಿನ ರಕ್ಷಣೆಗೆ ಮಾತ್ರ ಪ್ರತಿಫಲ.

ಎರಡನೆಯದು ಕೆಂಪು ಕಾರ್ಡ್. ಹೊರಹೋದ ಆಟಗಾರ ಮತ್ತೆ ಬರುವಂತಿಲ್ಲ. ಆದರೆ ಎರಡು ನಿಮಿಷ ಕಳೆದ ಮೇಲೆ ತಂಡ ಇನ್ನೊಬ್ಬನನ್ನು ಇಳಿಸಿಕೊಳ್ಳಬಹುದು. ಎದುರಾಳಿಗಿಂತ ಕಡಿಮೆ ಆಟಗಾರರಿರುವಾಗ ಗೋಲು ಬಿಟ್ಟುಕೊಟ್ಟರೆ ಅದಕ್ಕೂ ಮೊದಲೇ ಇಳಿಸಬಹುದು. ಆ ಎರಡು ನಿಮಿಷ ತಡೆದುಕೊಂಡ ತಂಡಕ್ಕೆ ಪಂದ್ಯ ಮತ್ತೆ ಸಮಬಲದ್ದೇ.

ಮೂರನೆಯದು ‘ಆಟಗಾರ ಗೋಲ್‌ಕೀಪರ್’. ಹಿನ್ನಡೆಯಲ್ಲಿರುವ ತಂಡ ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರ್‌ನನ್ನು ಹೊರಕ್ಕೆ ಕರೆದು, ಬೇರೆ ಬಣ್ಣದ ಅಂಗಿ ತೊಟ್ಟ ಆಟಗಾರನನ್ನು ಆ ಜಾಗಕ್ಕೆ ಇಳಿಸುತ್ತದೆ. ದಾಳಿಯಲ್ಲಿ ಐವರು, ತಡೆಯಲು ನಾಲ್ವರು. ಆದರೆ ಹಿಂದೆ ಗೋಲು ಖಾಲಿ. ಒಂದು ಪಾಸ್ ತಪ್ಪಿದರೆ ಎದುರಾಳಿ 30 ಮೀಟರ್ ದೂರದಿಂದಲೂ ಗೋಲು ಹೊಡೆಯಬಹುದು. ಎರಡು ಗೋಲುಗಳ ಮುನ್ನಡೆ ಫುಟ್‌ಬಾಲ್‌ನಲ್ಲಿ ಬಹುಪಾಲು ಸುರಕ್ಷಿತ. ಫುಟ್ಸಾಲ್‌ನಲ್ಲಿ ಅದನ್ನು ನಂಬಿ ಕೂರುವ ತರಬೇತುದಾರ ವಿರಳ.

ಎಂಟು ತಂಡ, ನಾಲ್ಕು ದಿನ

ಸ್ಪೇನ್‌ನಲ್ಲಿ ಫುಟ್ಸಾಲ್‌ನ ರಾಷ್ಟ್ರೀಯ ಲೀಗ್ ಸಂಸ್ಥೆ ರೂಪುಗೊಂಡದ್ದು 1989ರಲ್ಲಿ. ‘ಕೋಪಾ ದೆ ಎಸ್ಪಾನ್ಯಾ’ ಕಪ್ ಕೂಡ ಅದೇ ಕಾಲದಿಂದ ನಡೆದು ಬಂದಿದೆ. ಪ್ರವೇಶದ ನಿಯಮ ಸರಳ. ಅಗ್ರ ವಿಭಾಗದಲ್ಲಿ 16 ತಂಡಗಳು. ಪ್ರತಿಯೊಂದೂ ಉಳಿದ 15 ತಂಡಗಳೊಡನೆ ಎರಡೆರಡು ಬಾರಿ ಆಡಬೇಕು. ಅರ್ಧ ಋತು ಮುಗಿದಾಗ ಮೊದಲ ಎಂಟು ಸ್ಥಾನಗಳಲ್ಲಿರುವ ತಂಡಗಳಿಗೆ ಕಪ್‌ನ ಬಾಗಿಲು ತೆರೆಯುತ್ತದೆ.

ಮುಂದಿನದೆಲ್ಲ ಒಂದೇ ಊರಿನಲ್ಲಿ, ಒಂದೇ ಅಂಗಣದಲ್ಲಿ. ಚೀಟಿ ಎತ್ತಿ ಜೋಡಿಗಳನ್ನು ನಿರ್ಧರಿಸಲಾಗುತ್ತದೆ. ಗುರುವಾರ, ಶುಕ್ರವಾರ ಕ್ವಾರ್ಟರ್ ಫೈನಲ್, ಶನಿವಾರ ಸೆಮಿಫೈನಲ್, ಭಾನುವಾರ ಫೈನಲ್. ಸೋತವರು ಅಂದೇ ಮನೆಗೆ. ಶುಕ್ರವಾರ ಆಡುವ ತಂಡಕ್ಕೆ ಕಪ್ ಬೇಕಿದ್ದರೆ ಸತತ ಮೂರು ದಿನ ಮೂರು ಪಂದ್ಯ ಗೆಲ್ಲಬೇಕು. ಗುರುವಾರ ಆಡಿದ ತಂಡಕ್ಕೆ ನಡುವೆ ಒಂದು ದಿನ ವಿರಾಮ. ಈ ಸಣ್ಣ ಅಂತರವೂ ಭಾನುವಾರದ ಹೊತ್ತಿಗೆ ಆಟಗಾರರ ಕಾಲುಗಳಲ್ಲಿ ಗೋಚರಿಸುತ್ತದೆ.

ಇದನ್ನು ‘ಕೋಪಾ ದೆಲ್ ರೇ’, ಅಂದರೆ ರಾಜನ ಕಪ್‌ನೊಂದಿಗೆ ಬೆರೆಸಬಾರದು. ಫುಟ್ಸಾಲ್‌ನಲ್ಲಿ 2010-11ರ ಋತುವಿನಲ್ಲಿ ಆರಂಭವಾದ ಆ ಸ್ಪರ್ಧೆಯಲ್ಲಿ ಕೆಳ ವಿಭಾಗದ ತಂಡಗಳೂ ಇರುತ್ತವೆ, ಸುತ್ತುಗಳು ತಿಂಗಳುಗಟ್ಟಲೆ ಹರಡಿಕೊಂಡಿರುತ್ತವೆ. ಅದರ ಮೊದಲ ವಿಜೇತ ಬಾರ್ಸಿಲೋನಾ. ಆದರೆ ಅಭಿಮಾನಿಗಳು ಬಸ್ಸು ಹತ್ತಿ ಹೊರಡುವ ಜಾತ್ರೆ ಮಾತ್ರ ನಾಲ್ಕು ದಿನಗಳ ಎಸ್ಪಾನ್ಯಾ ಕಪ್ಪೇ.

ಲೆಕ್ಕ ಏನು ಹೇಳುತ್ತದೆ?

ಲೀಗ್ ದೀರ್ಘ ಓಟ. ಮೂವತ್ತು ಪಂದ್ಯಗಳಲ್ಲಿ ಒಂದೆರಡು ಕೆಟ್ಟ ಸಂಜೆಗಳನ್ನು ದೊಡ್ಡ ತಂಡ ಸರಿದೂಗಿಸಿಕೊಳ್ಳುತ್ತದೆ. ಕಪ್‌ನಲ್ಲಿ ಅದಕ್ಕೆ ಆಸ್ಪದವಿಲ್ಲ. ಒಂದು ಉದಾಹರಣೆ ನೋಡಬಹುದು. ಬಲಿಷ್ಠ ತಂಡವೊಂದಕ್ಕೆ ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಶೇ 70 ಎಂದಿಟ್ಟುಕೊಳ್ಳೋಣ. ಸತತ ಮೂರು ಗೆಲ್ಲುವ ಸಾಧ್ಯತೆ ಸುಮಾರು ಶೇ 34 ಮಾತ್ರ. ಅಂದರೆ ಎಲ್ಲರೂ ‘ಇವರೇ ಗೆಲ್ಲುತ್ತಾರೆ’ ಎನ್ನುವ ತಂಡ ಮೂರು ವರ್ಷಗಳಲ್ಲಿ ಎರಡು ವರ್ಷ ಬರಿಗೈಲಿ ಮರಳುತ್ತದೆ.

ಹಾಗೆಂದು ಸಣ್ಣ ತಂಡಕ್ಕೆ ದಾರಿ ಸಲೀಸು ಎಂದಲ್ಲ. ಪ್ರತಿ ಪಂದ್ಯಕ್ಕೆ ಶೇ 40ರ ಸಾಧ್ಯತೆ ಇರುವ ತಂಡ ಮೂರನ್ನೂ ಗೆಲ್ಲುವುದು ಶೇ 6ರ ಆಸುಪಾಸು, ಅಂದರೆ 16 ವರ್ಷಕ್ಕೊಮ್ಮೆ. ಹಾಯೆನ್ 2015ರಿಂದ 2023ರವರೆಗಿನ ಒಂಬತ್ತು ವರ್ಷಗಳಲ್ಲಿ ಮೂರು ಬಾರಿ ಗೆದ್ದಿದೆ. ಅದೃಷ್ಟವೊಂದರಿಂದಲೇ ಇದನ್ನು ವಿವರಿಸಲಾಗದು.

ದೊಡ್ಡವರು ಯಾರು?

ಇಂಟರ್ ತಂಡ ಹುಟ್ಟಿದ್ದು 1977ರಲ್ಲಿ, ಸ್ಪೇನ್‌ನ ಹೆಸರಾಂತ ರೇಡಿಯೋ ಕ್ರೀಡಾ ಪತ್ರಕರ್ತ ಹೋಸೆ ಮರಿಯಾ ಗಾರ್ಸಿಯಾ ಅವರ ಕೈಯಲ್ಲಿ. ಪ್ರಾಯೋಜಕರು ಬದಲಾದಂತೆ ಹೆಸರೂ ಬದಲಾಯಿತು. ‘ಮೊವಿಸ್ಟಾರ್’ ಒಂದು ದೂರವಾಣಿ ಕಂಪನಿಯ ಬ್ರಾಂಡ್. ‘ಎಲ್‌ಪೋಸೊ’ ಎಂಬುದು ಮುರ್ಸಿಯಾ ಪ್ರಾಂತ್ಯದ ಮಾಂಸೋತ್ಪನ್ನ ಕಂಪನಿಯ ಹೆಸರು. ಬಾರ್ಸಿಲೋನಾದ ಬೆನ್ನಿಗೆ ಜಗತ್ತಿನ ಶ್ರೀಮಂತ ಫುಟ್‌ಬಾಲ್ ಕ್ಲಬ್ಬುಗಳಲ್ಲೊಂದು ನಿಂತಿದೆ. 2011, 2012, 2013ರಲ್ಲಿ ಸತತವಾಗಿ ಈ ಕಪ್ ಗೆದ್ದದ್ದು ಬಾರ್ಸಿಲೋನಾ.

2018ರ ಇಂಟರ್‌ನ ಬಲ ಇನ್ನೂ ದೊಡ್ಡದು. 2014ರಿಂದ 2018ರವರೆಗೆ ಸತತ ಐದು ಲೀಗ್ ಪ್ರಶಸ್ತಿ ಅದರ ಪಾಲಾಯಿತು. ಯೂರೋಪಿನ ಕ್ಲಬ್ ಕಪ್ ಅನ್ನು 2017ರಲ್ಲಿ ಗೆದ್ದು, 2018ರ ಏಪ್ರಿಲ್‌ನಲ್ಲಿ ಮತ್ತೆ ಉಳಿಸಿಕೊಂಡಿತು. ಎರಡೂ ಬಾರಿ ಫೈನಲ್‌ನಲ್ಲಿ ಸೋತದ್ದು ಪೋರ್ಚುಗಲ್‌ನ ಸ್ಪೋರ್ಟಿಂಗ್. ಆ ಕಾಲದ ಶ್ರೇಷ್ಠ ಆಟಗಾರ ಎಂದು ಹಲವು ಬಾರಿ ಗೌರವ ಪಡೆದ ಪೋರ್ಚುಗಲ್‌ನ ರಿಕಾರ್ಡಿನ್ಯೊ ಇಂಟರ್‌ನ ಅಂಗಿ ತೊಟ್ಟಿದ್ದರು. ಅಂದರೆ ಆ ಋತುವಿನಲ್ಲಿ ಲೀಗ್ ಮತ್ತು ಯೂರೋಪ್ ಎರಡನ್ನೂ ಗೆದ್ದ ತಂಡಕ್ಕೆ ದಕ್ಕದೇ ಹೋದದ್ದು, ಮಾರ್ಚ್‌ನ ಒಂದು ವಾರಾಂತ್ಯದಲ್ಲಿ ಹಾಯೆನ್ ಕಿತ್ತುಕೊಂಡ ಈ ಕಪ್.

ಆಲಿವ್ ನಾಡಿನ ಹಳದಿ

ಹಾಯೆನ್ ಸ್ಪೇನ್‌ನ ದಕ್ಷಿಣದ ಆಂಡಲೂಸಿಯಾದ ಪ್ರಾಂತ್ಯ. ಅದರ ರಾಜಧಾನಿಗೂ ಅದೇ ಹೆಸರು. ನಗರದ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಪ್ರಾಂತ್ಯದ ಬೆಟ್ಟಗುಡ್ಡಗಳ ಮೇಲೆ ಆರು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. ಜಗತ್ತಿನಲ್ಲಿ ಆಲಿವ್ ಎಣ್ಣೆ ಅತಿ ಹೆಚ್ಚು ಉತ್ಪಾದನೆಯಾಗುವ ಪ್ರದೇಶ ಇದು. ಆದರೆ ಕೊಯ್ಲಿನ ಕೆಲಸ ವರ್ಷದಲ್ಲಿ ಕೆಲವೇ ತಿಂಗಳು. ದೊಡ್ಡ ಕೈಗಾರಿಕೆಗಳು ಕಡಿಮೆ. ಕೆಲಸ ಅರಸಿ ಯುವಕರು ಮ್ಯಾಡ್ರಿಡ್, ಬಾರ್ಸಿಲೋನಾ ಕಡೆ ಹೊರಡುವುದು ಅಲ್ಲಿ ತಲೆಮಾರುಗಳ ಕಥೆ. ಮಳೆಯನ್ನೂ ಬೆಲೆಯನ್ನೂ ನೆಚ್ಚಿ ಬದುಕುವ ಬೆಳೆಗಾರರ ನಾಡಿನ ಪಾಡು ಎಲ್ಲೆಡೆ ಒಂದೇ.

ತಂಡದ ಪೂರ್ಣ ಹೆಸರು ‘ಹಾಯೆನ್ ಪರಾಯಿಸೊ ಇಂಟೀರಿಯೊರ್’. ಎರಡನೆಯ ಭಾಗದ ಅರ್ಥ ‘ಒಳನಾಡಿನ ಸ್ವರ್ಗ’. ಪ್ರಾಂತ್ಯದ ಪ್ರವಾಸೋದ್ಯಮ ಘೋಷವಾಕ್ಯವೇ ತಂಡದ ಹೆಸರಾಗಿದೆ. ಎದುರಾಳಿಗಳ ಅಂಗಿಯ ಮೇಲೆ ಕಂಪನಿಯ ಹೆಸರಿದ್ದರೆ ಇವರ ಅಂಗಿಯ ಮೇಲೆ ಇರುವುದು ಊರಿನ ಹೆಸರು. ಅಭಿಮಾನಿಗಳನ್ನು ‘ಹಳದಿ ಅಲೆ’ ಎಂದು ಕರೆಯುವುದು ವಾಡಿಕೆ. 40 ಮೀಟರ್ ಉದ್ದದ ಮುಚ್ಚಿದ ಅಂಗಣದಲ್ಲಿ ಪ್ರೇಕ್ಷಕರ ಕೂಗು ಆಟಗಾರರ ಕಿವಿಗೆ ನೇರವಾಗಿ ಬಡಿಯುತ್ತದೆ. ತಟಸ್ಥ ಅಂಗಣದಲ್ಲಿ ನಡೆಯಬೇಕಾದ ಪಂದ್ಯವನ್ನು ತವರಿನ ಪಂದ್ಯವಾಗಿ ಮಾರ್ಪಡಿಸುವ ಶಕ್ತಿ ಆ ಅಲೆಗಿದೆ.

ಗೆಲುವಿಗೆ ಇನ್ನೊಂದು ಮುಖವೂ ಉಂಟು. ಕಪ್‌ನಲ್ಲಿ ಮಿಂಚಿದ ಆಟಗಾರನ ಮೇಲೆ ಸಿರಿವಂತ ತಂಡಗಳ ಕಣ್ಣು ಬೀಳುತ್ತದೆ. ಹೆಚ್ಚಿನ ಸಂಬಳ ಕೊಟ್ಟು ಅವರು ಕರೆದೊಯ್ದರೆ ಸಣ್ಣ ತಂಡ ಮತ್ತೆ ಮೊದಲಿನಿಂದ ಕಟ್ಟಬೇಕು. 2015ರ ತಂಡ, 2018ರ ತಂಡ, 2023ರ ತಂಡ ಒಂದೇ ಅಲ್ಲ. ಹೆಸರು ಮತ್ತು ಅಂಗಿಯ ಬಣ್ಣ ಉಳಿದವು, ಆಟಗಾರರು ಬದಲಾದರು. ಹಾಯೆನ್‌ನ ಮೂರು ಕಪ್‌ಗಳ ನಿಜವಾದ ತೂಕ ಇರುವುದು ಇಲ್ಲಿ. ಗೆಲುವುಗಳ ನಡುವೆ ಊರು ಕೂಡ ಸುಮ್ಮನೆ ಕೂರಲಿಲ್ಲ. ‘ಒಲಿವೊ ಅರೇನಾ’ ಎಂಬ ಹೊಸ ಒಳಾಂಗಣ ಕ್ರೀಡಾಂಗಣ 2021ರಲ್ಲಿ ತೆರೆಯಿತು. ‘ಒಲಿವೊ’ ಎಂದರೆ ಆಲಿವ್ ಮರ. 2022ರ ಕಪ್ ನಡೆದದ್ದು ಅದೇ ಅಂಗಣದಲ್ಲಿ.

ಭಾರತದ ಆರಂಭ

ಭಾರತದಲ್ಲಿ ಈ ಆಟ ಇನ್ನೂ ಎಳೆಯ ಹಂತದಲ್ಲಿದೆ. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಹೆಸರಿನ ಖಾಸಗಿ ಟೂರ್ನಿ ನಡೆದಾಗ ಬೆಂಗಳೂರಿನ ತಂಡಕ್ಕೆ ಇಂಗ್ಲೆಂಡ್‌ನ ಪಾಲ್ ಸ್ಕೋಲ್ಸ್, ಗೋವಾ ತಂಡಕ್ಕೆ ಬ್ರೆಜಿಲ್‌ನ ರೊನಾಲ್ಡಿನ್ಯೊ ಬಂದಿದ್ದರು. ತಾರೆಗಳ ಹೊಳಪು ಇತ್ತು, ಬೇರು ಇಳಿಯಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ಮೊದಲ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ನಡೆಸಿದ್ದು 2021ರ ನವೆಂಬರ್‌ನಲ್ಲಿ, ದೆಹಲಿಯಲ್ಲಿ. ಫೈನಲ್‌ನಲ್ಲಿ ಡೆಲ್ಲಿ ಎಫ್‌ಸಿ 7-2ರಿಂದ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿತು.

ಬೆಂಗಳೂರಿನಲ್ಲಿ ಕಟ್ಟಡಗಳ ಮಹಡಿಯ ಮೇಲೆ, ಖಾಲಿ ನಿವೇಶನಗಳಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಅಂಗಣಗಳಲ್ಲಿ ರಾತ್ರಿಯಿಡೀ ಐವರ ಆಟ ನಡೆಯುತ್ತದೆ. ಕೆಲವೆಡೆ ಅದನ್ನೂ ಫುಟ್ಸಾಲ್ ಎಂದೇ ಕರೆಯುವುದುಂಟು. ಗಟ್ಟಿ ನೆಲ, ಪುಟಿಯದ ಚೆಂಡು, ಫೌಲ್‌ಗಳ ಲೆಕ್ಕ ಇಲ್ಲದ ಆ ಆಟ ನಿಯಮದ ಪ್ರಕಾರ ಫುಟ್ಸಾಲ್ ಅಲ್ಲ. ಆದರೆ ಆಡುವ ಹುಮ್ಮಸ್ಸಿಗೆ ಕೊರತೆಯಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಸಣ್ಣ ಅಂಗಣ, ಐವರು ಆಟಗಾರರು ಸಾಕಾಗುವ ಆಟದಲ್ಲಿ ರಾಜಧಾನಿಗಳಷ್ಟೇ ಗೆಲ್ಲಬೇಕೆಂದಿಲ್ಲ. ಅದಕ್ಕೆ ಬೇಕಾದದ್ದು ನ್ಯಾಯವಾದ ಸ್ಪರ್ಧೆ, ವರ್ಷಗಟ್ಟಲೆ ತಾಳ್ಮೆ ಮತ್ತು ತಂಡವನ್ನು ತನ್ನದೆಂದುಕೊಳ್ಳುವ ಒಂದು ಊರು. ಆಲಿವ್ ಮರಗಳ ನಡುವಿನ ಹಾಯೆನ್ ಮೂರು ಬಾರಿ ತೋರಿಸಿಕೊಟ್ಟದ್ದು ಅದನ್ನೇ.