ಒಂದು ಸೆಕೆಂಡಿಗೆ ಹನ್ನೆರಡು ಅಂಕ: ಸೈನ್ಯದ ದೈಹಿಕ ಪರೀಕ್ಷೆಯ ಲೆಕ್ಕಾಚಾರ



ಬೆಳಗಿನ ಜಾವ ನಿಮ್ಮ ಊರಿನ ಕಾಲೇಜು ಮೈದಾನಕ್ಕೆ ಹೋಗಿ ನೋಡಿ. ಮಬ್ಬುಗತ್ತಲಲ್ಲಿ ಸುತ್ತು ಹಾಕುತ್ತಿರುವ ನಾಲ್ಕಾರು ಹುಡುಗರು ಕಾಣಬಹುದು. ದಡದಲ್ಲಿ ಒಬ್ಬ ಗಡಿಯಾರ ಹಿಡಿದು ಸಮಯ ಕೂಗುತ್ತಿರುತ್ತಾನೆ. ಅವರು ಸೈನ್ಯದ ನೇಮಕಾತಿ ರ‍್ಯಾಲಿಗೆ ತಯಾರಿ ನಡೆಸುವವರಾದರೆ, ಅವರ ಬಾಯಲ್ಲಿ ಪದೇ ಪದೇ ಬರುವ ಸಂಖ್ಯೆ ಒಂದೇ: ಐದೂವರೆ ನಿಮಿಷ.

ಐದೂವರೆ ನಿಮಿಷವೇ ಏಕೆ? ಐದು ನಿಮಿಷ ಮೂವತ್ತೊಂದು ಸೆಕೆಂಡಾದರೆ ಏನಾಗುತ್ತದೆ? ಓಟ, ಜಿಗಿತ, ತೋಳಿನ ಬಲ ಇವೆಲ್ಲ ಬೇರೆ ಬೇರೆ ಬಗೆಯ ಸಾಮರ್ಥ್ಯಗಳು. ಇವನ್ನು ಕೂಡಿಸಿ ಒಂದೇ ಅಂಕವಾಗಿ ಮಾಡುವುದಾದರೂ ಹೇಗೆ? ಈ ಪ್ರಶ್ನೆಗಳನ್ನು ಸ್ವಲ್ಪ ವಿವರವಾಗಿ ನೋಡೋಣ. ಶಾಲೆಯ ಪರೀಕ್ಷೆಯಲ್ಲಾಗಲಿ ಸೈನ್ಯದ ಪರೀಕ್ಷೆಯಲ್ಲಾಗಲಿ, ಅಂಕ ಎನ್ನುವುದು ತಾನಾಗಿ ಹುಟ್ಟುವುದಿಲ್ಲ. ಯಾರೋ ಕುಳಿತು ಯೋಚಿಸಿ ಒಂದು ಕೋಷ್ಟಕ ಮಾಡಿರುತ್ತಾರೆ. ಆ ಕೋಷ್ಟಕವನ್ನು ಓದಲು ಬಂದರೆ ಪರೀಕ್ಷೆ ಏನನ್ನು ಹುಡುಕುತ್ತಿದೆ ಎಂಬುದು ತಿಳಿಯುತ್ತದೆ.

ನಮ್ಮ ಸೈನ್ಯದ ರ‍್ಯಾಲಿಯಲ್ಲಿ

ಭಾರತೀಯ ಭೂಸೇನೆಯ ಅಗ್ನಿವೀರ ನೇಮಕಾತಿಯಲ್ಲಿ 2023ರಿಂದ ಕಂಪ್ಯೂಟರ್ ಮೂಲಕ ನಡೆಯುವ ಲಿಖಿತ ಪರೀಕ್ಷೆ ಮೊದಲು ಬರುತ್ತದೆ. ಅದರಲ್ಲಿ ಆಯ್ಕೆಯಾದವರನ್ನು ರ‍್ಯಾಲಿಗೆ ಕರೆಯುತ್ತಾರೆ. ಅದಕ್ಕೆ ಮೊದಲು ಕ್ರಮ ಇದಕ್ಕೆ ವಿರುದ್ಧವಾಗಿತ್ತು; ರ‍್ಯಾಲಿ ಮೊದಲು, ಬರವಣಿಗೆ ಆಮೇಲೆ. ಎರಡರಲ್ಲೂ ಮೈದಾನದ ಪರೀಕ್ಷೆಗಳು ಮಾತ್ರ ನಾಲ್ಕೇ: 1.6 ಕಿಲೋಮೀಟರ್ ಓಟ, ಅಡ್ಡಕಂಬಿ ಹಿಡಿದು ಮೈಯನ್ನು ಮೇಲೆತ್ತುವ ಪುಲ್ ಅಪ್, 9 ಅಡಿ ಅಗಲದ ಹಳ್ಳವನ್ನು ಹಾರುವುದು, ಮತ್ತು ಅಂಕುಡೊಂಕಾದ ಕಿರಿದಾದ ಹಲಗೆಯ ಮೇಲೆ ಸಮತೋಲ ತಪ್ಪದೆ ನಡೆಯುವುದು.

ಓಟಕ್ಕೆ ಗರಿಷ್ಠ 60 ಅಂಕ, ಪುಲ್ ಅಪ್‌ಗೆ ಗರಿಷ್ಠ 40 ಅಂಕ. ಒಟ್ಟು 100. ಹಳ್ಳ ಹಾರುವುದಕ್ಕೂ ಸಮತೋಲಕ್ಕೂ ಅಂಕವೇ ಇಲ್ಲ. ಅವನ್ನು ಮಾಡಿ ತೋರಿಸಿದರೆ ಮುಂದಕ್ಕೆ, ಇಲ್ಲವಾದರೆ ಮನೆಗೆ. ಹತ್ತು ಅಡಿ ಹಾರಿದವನಿಗೂ ಒಂಬತ್ತು ಅಡಿಯನ್ನು ಕಷ್ಟಪಟ್ಟು ದಾಟಿದವನಿಗೂ ವ್ಯತ್ಯಾಸವಿಲ್ಲ.

ಓಟದ ಅಂಕಗಳು ಗುಂಪುಗಳಲ್ಲಿ ಹಂಚಿಕೆಯಾಗಿವೆ. 5 ನಿಮಿಷ 30 ಸೆಕೆಂಡಿನೊಳಗೆ ಬಂದವರು ಮೊದಲ ಗುಂಪು. ಅವರಿಗೆ 60 ಅಂಕ. 5 ನಿಮಿಷ 31 ಸೆಕೆಂಡಿನಿಂದ 5 ನಿಮಿಷ 45 ಸೆಕೆಂಡಿನವರೆಗೆ ಎರಡನೆಯ ಗುಂಪು, 48 ಅಂಕ. ಬಹಳ ವರ್ಷ ಇವೆರಡೇ ಗುಂಪುಗಳಿದ್ದವು. 2025ರ ನೇಮಕಾತಿಯಲ್ಲಿ ಇನ್ನೆರಡು ಸೇರಿದವು: 6 ನಿಮಿಷದವರೆಗೆ 36 ಅಂಕ, 6 ನಿಮಿಷ 15 ಸೆಕೆಂಡಿನವರೆಗೆ 24 ಅಂಕ. ಅಲ್ಲಿಗೆ ಬಾಗಿಲು ಮುಚ್ಚಿತು.

ಪುಲ್ ಅಪ್ ಲೆಕ್ಕ ಹೀಗಿದೆ: 6ಕ್ಕೆ 16 ಅಂಕ, 7ಕ್ಕೆ 21, 8ಕ್ಕೆ 27, 9ಕ್ಕೆ 33, 10ಕ್ಕೆ 40. ಆರಕ್ಕಿಂತ ಕಡಿಮೆಯಾದರೆ ಅನುತ್ತೀರ್ಣ. ಹತ್ತಕ್ಕಿಂತ ಹೆಚ್ಚು ಮಾಡಿದರೂ 40ಕ್ಕಿಂತ ಹೆಚ್ಚು ಸಿಗುವುದಿಲ್ಲ.

ಬಾಗಿಲು, ಮೆಟ್ಟಿಲು, ಮಿತಿ

ಈ ಒಂದೇ ಕೋಷ್ಟಕದಲ್ಲಿ ಅಂಕ ಕೊಡುವ ಬೇರೆ ಬೇರೆ ವಿಧಾನಗಳು ಅಡಗಿರುವುದನ್ನು ಗಮನಿಸಿ.

ಮೊದಲನೆಯದು ಬಾಗಿಲು. ಹಳ್ಳ ಹಾರುವುದು, ಸಮತೋಲ ಇವು ಬಾಗಿಲುಗಳು. ದಾಟಿದೆಯಾ ಇಲ್ಲವಾ ಎಂಬುದಷ್ಟೇ ಪ್ರಶ್ನೆ.

ಎರಡನೆಯದು ಮೆಟ್ಟಿಲು. ಓಟ ಇದಕ್ಕೆ ಉದಾಹರಣೆ. ಮೂವರು ಹುಡುಗರು ಓಡಿದರೆಂದು ಇಟ್ಟುಕೊಳ್ಳಿ. ಮೊದಲನೆಯವನು 5 ನಿಮಿಷ 30 ಸೆಕೆಂಡಿಗೆ ಗುರಿ ಮುಟ್ಟಿದ. ಎರಡನೆಯವನು 5 ನಿಮಿಷ 31 ಸೆಕೆಂಡಿಗೆ ಬಂದ. ಇವರಿಬ್ಬರ ನಡುವೆ ಇದ್ದ ಅಂತರ ಸುಮಾರು ಐದು ಮೀಟರು, ಅಂದರೆ ನಾಲ್ಕೈದು ಹೆಜ್ಜೆ. ಆದರೆ ಅಂಕದ ಅಂತರ ಹನ್ನೆರಡು. ಮೂರನೆಯವನು ಬಂದದ್ದು 5 ನಿಮಿಷ 45 ಸೆಕೆಂಡಿಗೆ. ಎರಡನೆಯವನು ಗುರಿ ಮುಟ್ಟಿದಾಗ ಇವನಿನ್ನೂ ಸುಮಾರು 65 ಮೀಟರ್ ಹಿಂದಿದ್ದ. ಆದರೂ ಇಬ್ಬರಿಗೂ 48 ಅಂಕ! ಐದು ಮೀಟರಿಗೆ ಹನ್ನೆರಡು ಅಂಕ ಹೋಯಿತು, ಅರವತ್ತೈದು ಮೀಟರಿಗೆ ಒಂದು ಅಂಕವೂ ಹೋಗಲಿಲ್ಲ.

ಇದು ನ್ಯಾಯವೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮೆಟ್ಟಿಲಿನ ಪದ್ಧತಿಗೆ ಒಂದು ಅನುಕೂಲವಿದೆ. ಹುಡುಗರು ತಂಡತಂಡವಾಗಿ ಓಡುವಾಗ ಪ್ರತಿಯೊಬ್ಬನ ಸಮಯವನ್ನು ಸೆಕೆಂಡು ತಪ್ಪದೆ ಬರೆದುಕೊಳ್ಳುವುದು ಕಷ್ಟ. ಇಂತಿಷ್ಟು ಹೊತ್ತಿನೊಳಗೆ ಗೆರೆ ದಾಟಿದವರು ಯಾರು ಎಂದು ಹೇಳುವುದು ಸುಲಭ, ತಕರಾರಿಗೂ ಎಡೆ ಕಡಿಮೆ. ಬೆಲೆ ತೆರುವವನು ಗೆರೆಯ ಅಂಚಿನಲ್ಲಿ ನಿಂತವನು.

ಮೂರನೆಯದು ಏರುವ ಬೆಲೆ ಮತ್ತು ಮಿತಿ. ಪುಲ್ ಅಪ್ ಅಂಕಗಳನ್ನು ಇನ್ನೊಮ್ಮೆ ನೋಡಿ. ಆರರಿಂದ ಏಳಕ್ಕೆ ಹೋದರೆ 5 ಅಂಕ ಹೆಚ್ಚು. ಏಳರಿಂದ ಎಂಟಕ್ಕೆ 6, ಎಂಟರಿಂದ ಒಂಬತ್ತಕ್ಕೆ 6, ಒಂಬತ್ತರಿಂದ ಹತ್ತಕ್ಕೆ 7. ತೋಳು ಸೋತ ಮೇಲೆ ಎತ್ತುವ ಕೊನೆಯ ಎತ್ತಕ್ಕೆ ಮೊದಲಿನದಕ್ಕಿಂತ ಹೆಚ್ಚು ಶ್ರಮ ಬೇಕು, ಆದ್ದರಿಂದ ಬೆಲೆಯೂ ಹೆಚ್ಚು. ಹತ್ತರ ನಂತರ ಬೆಲೆ ಸೊನ್ನೆ. ಸೈನ್ಯಕ್ಕೆ ಬೇಕಾಗಿರುವುದು ಕಸರತ್ತಿನ ಪೈಲ್ವಾನನಲ್ಲ. ಇಷ್ಟು ಬಲ ಇದ್ದರೆ ಸಾಕು, ಉಳಿದದ್ದನ್ನು ತರಬೇತಿಯಲ್ಲಿ ನೋಡಿಕೊಳ್ಳೋಣ ಎಂಬ ಭಾವ ಇದರಲ್ಲಿದೆ.

ಈಗ ಒಂದು ಸಣ್ಣ ಲೆಕ್ಕ ಮಾಡಿ. ಒಬ್ಬ 5 ನಿಮಿಷ 29 ಸೆಕೆಂಡಿಗೆ ಓಡಿ 7 ಪುಲ್ ಅಪ್ ಮಾಡಿದ. ಇನ್ನೊಬ್ಬ 5 ನಿಮಿಷ 40 ಸೆಕೆಂಡಿಗೆ ಓಡಿ 10 ಪುಲ್ ಅಪ್ ಮಾಡಿದ. ಮುಂದೆ ಯಾರು? ಮೊದಲನೆಯವನಿಗೆ 60 ಮತ್ತು 21, ಒಟ್ಟು 81. ಎರಡನೆಯವನಿಗೆ 48 ಮತ್ತು 40, ಒಟ್ಟು 88. ಓಟದಲ್ಲಿ ಹಿಂದೆ ಬಿದ್ದವನೇ ಪಟ್ಟಿಯಲ್ಲಿ ಮುಂದಿದ್ದಾನೆ. ಓಟದ ಅಭ್ಯಾಸವನ್ನಷ್ಟೇ ಮಾಡಿ ಕಂಬಿಯನ್ನು ಮರೆತವರು ಈ ಲೆಕ್ಕವನ್ನು ನೆನಪಿಡಬೇಕು.

ಓಟಕ್ಕೆ ಏಕಿಷ್ಟು ಮಹತ್ವ?

ನೂರರಲ್ಲಿ ಅರವತ್ತು ಅಂಕ ಓಟಕ್ಕೇ ಮೀಸಲು. ಏಕೆಂದರೆ ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯವನ್ನು ಉಪಕರಣಗಳಿಲ್ಲದೆ ಅಳೆಯಲು ಓಟಕ್ಕಿಂತ ಸುಲಭದ ದಾರಿ ಇಲ್ಲ. ಅಮೆರಿಕದ ವಾಯುಪಡೆಯಲ್ಲಿ ವೈದ್ಯರಾಗಿದ್ದ ಕೆನೆತ್ ಕೂಪರ್ 1968ರಲ್ಲಿ ಹನ್ನೆರಡು ನಿಮಿಷದ ಓಟವನ್ನು ಬಳಕೆಗೆ ತಂದರು. ಹನ್ನೆರಡು ನಿಮಿಷದಲ್ಲಿ ಒಬ್ಬ ಎಷ್ಟು ದೂರ ಓಡುತ್ತಾನೆ ಎಂಬುದಕ್ಕೂ ಅವನ ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದಕ್ಕೂ ನಿಕಟ ಸಂಬಂಧವಿದೆ ಎಂದು ಅವರು ತೋರಿಸಿದರು. ಪ್ರಯೋಗಾಲಯ ಮಾಡುವ ಕೆಲಸವನ್ನು ಒಂದು ಮೈದಾನ, ಒಂದು ಗಡಿಯಾರ ಹೆಚ್ಚುಕಡಿಮೆ ಮಾಡಬಲ್ಲವು ಎಂದಾಯಿತು. ಜಗತ್ತಿನ ಅನೇಕ ಸೈನ್ಯಗಳ ಪರೀಕ್ಷೆಯಲ್ಲಿ ಓಟ ಇರುವುದಕ್ಕೆ ಇದೊಂದು ಕಾರಣ.

ಅಮೆರಿಕದ ಇಳಿಜಾರು

ನಮ್ಮದು ಮೆಟ್ಟಿಲಾದರೆ ಅಮೆರಿಕದ ಭೂಸೇನೆಯದು ಇಳಿಜಾರು ಎನ್ನಬಹುದು. 1980ರಿಂದ ಸುಮಾರು ನಾಲ್ಕು ದಶಕ ಅಲ್ಲಿ ಮೂರು ಪರೀಕ್ಷೆಗಳಿದ್ದವು: ಎರಡು ನಿಮಿಷ ಪುಷ್ ಅಪ್, ಎರಡು ನಿಮಿಷ ಸಿಟ್ ಅಪ್, ಎರಡು ಮೈಲಿ ಓಟ. ಒಂದೊಂದಕ್ಕೆ 100ರಂತೆ ಒಟ್ಟು 300 ಅಂಕ. 17ರಿಂದ 21 ವರ್ಷದ ಗಂಡಸರು ಎರಡು ಮೈಲಿಯನ್ನು 13 ನಿಮಿಷಕ್ಕೆ ಮುಗಿಸಿದರೆ 100, 15 ನಿಮಿಷ 54 ಸೆಕೆಂಡಿಗೆ ಮುಗಿಸಿದರೆ 60. ನಡುವೆ ಪ್ರತಿ ಆರು ಸೆಕೆಂಡಿಗೆ ಒಂದೆರಡು ಅಂಕ ಇಳಿಯುತ್ತಿತ್ತು. ಅಲ್ಲಿ ಒಂದು ಸೆಕೆಂಡು ತಡವಾದವನು ಹನ್ನೆರಡು ಅಂಕ ಕಳೆದುಕೊಳ್ಳುತ್ತಿರಲಿಲ್ಲ.

ಆದರೆ ಅಲ್ಲಿಯೂ ಒಂದು ಬಾಗಿಲಿತ್ತು. ತರಬೇತಿ ಮುಗಿಸಿದ ಸೈನಿಕ ಪ್ರತಿಯೊಂದು ಪರೀಕ್ಷೆಯಲ್ಲೂ ಕನಿಷ್ಠ 60 ಪಡೆಯಲೇಬೇಕು. ಪುಷ್ ಅಪ್‌ನಲ್ಲಿ 100, ಸಿಟ್ ಅಪ್‌ನಲ್ಲಿ 100, ಓಟದಲ್ಲಿ 59 ಪಡೆದವನ ಒಟ್ಟು ಅಂಕ 259, ಅವನು ಅನುತ್ತೀರ್ಣ. ಮೂರರಲ್ಲೂ 60 ಪಡೆದವನ ಒಟ್ಟು 180, ಅವನು ಉತ್ತೀರ್ಣ. ಗಣಿತದಲ್ಲಿ ನೂರು ಬಂದರೂ ಕನ್ನಡದಲ್ಲಿ ನಪಾಸಾದವನು ಮುಂದಿನ ತರಗತಿಗೆ ಹೋಗುವಂತಿಲ್ಲ ಎಂಬ ಹಾಗೆ. ರಣರಂಗದಲ್ಲಿ ಸೋತ ಕಾಲಿನ ಕೆಲಸವನ್ನು ಗಟ್ಟಿ ತೋಳು ಮಾಡಿಕೊಡುವುದಿಲ್ಲ ಎಂಬುದೇ ಇದರ ಹಿಂದಿನ ತರ್ಕ.

ಯಾರೊಡನೆ ಹೋಲಿಕೆ?

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆಗೆ ಬರೋಣ. ಇಪ್ಪತ್ತರ ಯುವಕನಿಗೂ ನಲವತ್ತರ ಹವಾಲ್ದಾರನಿಗೂ, ಗಂಡಿಗೂ ಹೆಣ್ಣಿಗೂ ಒಂದೇ ಕೋಷ್ಟಕ ಇರಬೇಕೇ?

ಅಮೆರಿಕದ ಆ ಹಳೆಯ ಪರೀಕ್ಷೆಯಲ್ಲಿ ವಯಸ್ಸಿಗೊಂದು ಕೋಷ್ಟಕವಿತ್ತು. 27ರಿಂದ 31 ವರ್ಷದವನು 17 ನಿಮಿಷಕ್ಕೆ ಓಡಿದರೂ 60 ಅಂಕ ಸಿಗುತ್ತಿತ್ತು. 17ರಿಂದ 21 ವರ್ಷದ ಮಹಿಳೆಗೆ 60 ಅಂಕದ ಸಮಯ 18 ನಿಮಿಷ 54 ಸೆಕೆಂಡು. ಇಲ್ಲಿ ಅಂಕ ಹೇಳುವುದು, ನಿನ್ನಂಥವರ ನಡುವೆ ನೀನು ಎಲ್ಲಿದ್ದೀಯೆ ಎಂಬುದನ್ನು. ನಿನ್ನ ದೇಹವನ್ನು ನೀನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀಯೆ ಎಂದು ತಿಳಿಯಲು ಇದು ಒಳ್ಳೆಯ ಅಳತೆ.

ಆದರೆ ಗಾಯಗೊಂಡ ಸಂಗಾತಿಯನ್ನು ಎಳೆದು ತರಬೇಕಾದಾಗ ಅವನ ತೂಕ ಎಳೆಯುವವರ ವಯಸ್ಸು ನೋಡಿ ಕಡಿಮೆಯಾಗುವುದಿಲ್ಲ. ಹಾಗಾದರೆ ಕೆಲಸದೊಡನೆ ಹೋಲಿಸಬೇಕಲ್ಲವೇ? ಈ ವಾದದ ಮೇಲೆ ಅಮೆರಿಕದ ಭೂಸೇನೆ ಆರು ಭಾಗಗಳ ಹೊಸ ಪರೀಕ್ಷೆಯೊಂದನ್ನು ರೂಪಿಸಿತು. ಮೊದಲು ಅದರಲ್ಲಿ ವಯಸ್ಸು, ಲಿಂಗಗಳ ಭೇದ ಇರಲಿಲ್ಲ. ಪ್ರಯೋಗ ಕಾಲದಲ್ಲಿ ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಅನುತ್ತೀರ್ಣರಾದದ್ದು ದೊಡ್ಡ ಚರ್ಚೆಯಾಯಿತು. 2022ರಲ್ಲಿ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಕೋಷ್ಟಕಗಳು ಮರಳಿ ಬಂದವು. 2025ರ ಜೂನ್‌ನಲ್ಲಿ ಮತ್ತೆ ಬದಲಾವಣೆ: ಐದು ಭಾಗ, 500 ಅಂಕ, ಪ್ರತಿಯೊಂದರಲ್ಲೂ ಕನಿಷ್ಠ 60. ನೇರ ಯುದ್ಧದ ಹುದ್ದೆಗಳಲ್ಲಿರುವವರು ಒಟ್ಟು 350 ಪಡೆಯಬೇಕು. ಅವರಿಗೆ ಗಂಡು ಹೆಣ್ಣೆಂಬ ಭೇದವಿಲ್ಲದ ಕೋಷ್ಟಕ. ಉಳಿದವರಿಗೆ 300 ಸಾಕು. ಕೆಲವೇ ವರ್ಷಗಳಲ್ಲಿ ಅತ್ತಿಂದಿತ್ತ ಇಷ್ಟು ಓಲಾಡಿದ್ದು, ಓರಗೆಯವರೊಡನೆ ಹೋಲಿಸಬೇಕೋ ಕೆಲಸದೊಡನೆ ಹೋಲಿಸಬೇಕೋ ಎಂಬುದು ಗಡಿಯಾರ ತೀರ್ಮಾನಿಸುವ ವಿಷಯವಲ್ಲ ಎಂಬುದನ್ನು ತೋರಿಸುತ್ತದೆ.

ನಮ್ಮಲ್ಲಿಯೂ ಈ ಪ್ರಶ್ನೆ ಬಂದಿದೆ. ಮಿಲಿಟರಿ ಪೊಲೀಸ್ ದಳಕ್ಕೆ ಮಹಿಳೆಯರನ್ನು ಸೈನಿಕರಾಗಿ ಸೇರಿಸಿಕೊಳ್ಳಲು ಆರಂಭಿಸಿದಾಗ ಅದೇ 1.6 ಕಿಲೋಮೀಟರ್ ಓಟಕ್ಕೆ ಬೇರೆ ಸಮಯ ಗೊತ್ತುಪಡಿಸಲಾಯಿತು: ಮೊದಲ ಗುಂಪಿಗೆ 7 ನಿಮಿಷ 30 ಸೆಕೆಂಡು, ಎರಡನೆಯದಕ್ಕೆ 8 ನಿಮಿಷ. ಅಂಥ 83 ಮಹಿಳೆಯರ ಮೊದಲ ತಂಡ ತರಬೇತಿ ಮುಗಿಸಿ 2021ರ ಮೇ 8ರಂದು ಸೈನ್ಯ ಸೇರಿದ್ದು ನಮ್ಮ ಬೆಂಗಳೂರಿನಲ್ಲಿಯೇ.

ಅಭ್ಯಾಸ ಮಾಡುವವರಿಗೆ

ಕೋಷ್ಟಕ ತಿಳಿದಿದ್ದರೆ ಅಭ್ಯಾಸಕ್ಕೂ ಒಂದು ಕ್ರಮ ಬರುತ್ತದೆ. 400 ಮೀಟರ್ ಸುತ್ತಳತೆಯ ಮೈದಾನದಲ್ಲಿ 1.6 ಕಿಲೋಮೀಟರ್ ಎಂದರೆ ನಾಲ್ಕು ಸುತ್ತು. ಐದೂವರೆ ನಿಮಿಷಕ್ಕೆ ಮುಗಿಸಲು ಸುತ್ತಿಗೆ 82 ಸೆಕೆಂಡು ಬೇಕು. 86 ಸೆಕೆಂಡಿನಂತೆ ಓಡಿದರೆ ಎರಡನೆಯ ಗುಂಪು. ಎರಡರ ನಡುವೆ ಇರುವುದು ಸುತ್ತಿಗೆ ನಾಲ್ಕು ಸೆಕೆಂಡು ಮಾತ್ರ. ಮೊದಲ ಸುತ್ತಿನಲ್ಲೇ ಜೀವ ಬಿಟ್ಟು ಓಡಿ ಕೊನೆಯ ಸುತ್ತಿನಲ್ಲಿ ಕಾಲೆಳೆಯುವುದಕ್ಕಿಂತ ನಾಲ್ಕೂ ಸುತ್ತುಗಳನ್ನು ಸಮವಾಗಿ ಓಡುವುದು ಲೇಸು. ಇದನ್ನು ಒಂದೆರಡು ವಾರದಲ್ಲಿ ಸಾಧಿಸಲು ಹೋಗಬೇಡಿ. ತಿಂಗಳುಗಟ್ಟಲೆ ನಿಧಾನವಾಗಿ ಏರಿಸಿಕೊಂಡು ಬನ್ನಿ. ಬಿಸಿಲೇರಿದ ಮೇಲೆ ಓಡುವುದು, ನೀರು ಕುಡಿಯದೆ ಓಡುವುದು, ದಣಿವು ತಿಳಿಯದಿರಲೆಂದು ಯಾರೋ ಕೊಟ್ಟ ಮಾತ್ರೆ, ಸೂಜಿಮದ್ದು ತೆಗೆದುಕೊಳ್ಳುವುದು ಜೀವಕ್ಕೇ ಅಪಾಯ. ತಲೆ ಸುತ್ತಿದರೆ, ಎದೆ ಹಿಡಿದಂತಾದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಆದ್ದರಿಂದ ಆ ವರ್ಷದ ಅಧಿಸೂಚನೆಯನ್ನು ನೀವೇ ಓದಿ. ಹಣ ಕೊಟ್ಟರೆ ಅಂಕ ಹಾಕಿಸುತ್ತೇನೆ ಎನ್ನುವ ದಲ್ಲಾಳಿಗಳ ಮಾತಿಗೆ ಕಿವಿಗೊಡಬೇಡಿ.

ಕೊನೆಯದಾಗಿ ಒಂದು ಮಾತು. 5 ನಿಮಿಷ 31 ಸೆಕೆಂಡಿಗೆ ಬಂದ ಹುಡುಗ ಹನ್ನೆರಡು ಅಂಕ ಕಡಿಮೆ ಶಕ್ತಿವಂತನೇನೂ ಅಲ್ಲ. ಗೆರೆಯನ್ನು ಎಲ್ಲಾದರೂ ಒಂದು ಕಡೆ ಎಳೆಯಲೇಬೇಕಾಗಿತ್ತು. ಅದು ಅವನ ಮುಂದೆಯೇ ಬಿತ್ತು, ಅಷ್ಟೆ. ಹಾಗೆಂದು ಗೆರೆಯನ್ನು ಶಪಿಸಿ ಫಲವಿಲ್ಲ. ವಯೋಮಿತಿ ಇರುವವರೆಗೆ ಮುಂದಿನ ರ‍್ಯಾಲಿ ಇದೆ. ಸುತ್ತಿಗೆ ಕಾಲು ಸೆಕೆಂಡು ಉಳಿಸಿದರೆ ನಾಲ್ಕು ಸುತ್ತಿಗೆ ಆ ಒಂದು ಸೆಕೆಂಡು ದೊರೆಯುತ್ತದೆ. ಅದು ನಾಳೆ ಬೆಳಿಗ್ಗೆಯಿಂದಲೇ ಆರಂಭಿಸಬಹುದಾದ ಕೆಲಸ.