ನವೆಂಬರ್ ಒಂದು: ಅಲ್ಲಿ ದೀಪ, ಇಲ್ಲಿ ಬಾವುಟ

ಜರ್ಮನ್ ಹಬ್ಬ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಆಕ್ಟೋಬರ್‌ಫೆಸ್ಟ್, ದೊಡ್ಡ ಬಿಯರ್ ಮಗ್. 1810ರಲ್ಲಿ ಬವೇರಿಯಾದ ಯುವರಾಜನ ಮದುವೆ ಸಂಭ್ರಮದಿಂದ ಶುರುವಾದ ಮೇಳ ಅದು. ತಮಾಷೆ ಅಂದ್ರೆ, ಅದು ಶುರುವಾಗೋದು ಸೆಪ್ಟೆಂಬರ್‌ನಲ್ಲಿ, ಅದಕ್ಕೆ ಸರ್ಕಾರಿ ರಜೆಯೂ ಇಲ್ಲ! ಅಲ್ಲಿನ ರಜಾದಿನಗಳ ಮುಖವೇ ಬೇರೆ.

ನಾನಿರೋದು ಬಸವೇಶ್ವರನಗರದಲ್ಲಿ. ನಾಲ್ಕು ವರ್ಷದಿಂದ ಸ್ಟುಟ್‌ಗಾರ್ಟ್‌ನ ಟೀಮ್ ಜೊತೆ ಕೆಲಸ. ಹಾಗಾಗಿ ನನ್ನ ಫೋನಿನಲ್ಲಿ ಎರಡು ದೇಶಗಳ ಕ್ಯಾಲೆಂಡರ್ ಇದೆ.

ಜರ್ಮನಿಯಲ್ಲಿ ರಜೆ ಯಾವಾಗ ಅನ್ನೋದನ್ನ ಬಹುಪಾಲು ಆಯಾ ರಾಜ್ಯಗಳೇ ತೀರ್ಮಾನಿಸುತ್ತವೆ. ದೇಶಕ್ಕೆಲ್ಲ ಸಮಾನವಾಗಿರೋದು 9 ದಿನ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್‌ನಲ್ಲಿ 12, ಬವೇರಿಯಾದ ಆಗ್ಸ್‌ಬರ್ಗ್ ನಗರದಲ್ಲಿ 14. ನಾವು ಗಾಂಧಿ ಜಯಂತಿ ಮುಗಿಸಿದ ಮರುದಿನ, ಅಕ್ಟೋಬರ್ 3, ಅವರಿಗೆ ಏಕತಾ ದಿನ. 1990ರಲ್ಲಿ ಪೂರ್ವ, ಪಶ್ಚಿಮ ಜರ್ಮನಿಗಳು ಒಂದಾದ ದಿನ ಅದು.

ಹಬ್ಬ ಅಂದ್ರೆ ನಮಗೆ ಓಡಾಟ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ನೋಡಿ, ಕಾಲಿಡೋಕೆ ಜಾಗ ಇರಲ್ಲ. ಅಲ್ಲಿ ಉಲ್ಟಾ. ಹಬ್ಬ ಅಂದ್ರೆ ಎಲ್ಲ ನಿಲ್ಲೋದು. ಭಾನುವಾರ ಮತ್ತು ರಜಾದಿನಗಳ ವಿಶ್ರಾಂತಿಯನ್ನು 1919ರ ಸಂವಿಧಾನವೇ ಕಾಪಾಡಿತ್ತು, 1949ರ ಸಂವಿಧಾನ ಆ ಮಾತನ್ನು ಹಾಗೇ ಉಳಿಸಿಕೊಂಡಿತು. ಅಂಗಡಿ ಬಂದ್, ಮನೆಯಲ್ಲಿ ಗೋಡೆ ಕೊರೆಯೋ ಹಾಗೂ ಇಲ್ಲ. ಗುಡ್ ಫ್ರೈಡೆ ದಿನ ಹಲವು ರಾಜ್ಯಗಳಲ್ಲಿ ಸಾರ್ವಜನಿಕ ಡ್ಯಾನ್ಸ್‌ಗೂ ಕಾನೂನಿನ ತಡೆ. ಕ್ರಿಸ್‌ಮಸ್‌ನ ಮುಖ್ಯ ಘಳಿಗೆ ಡಿಸೆಂಬರ್ 24ರ ಸಂಜೆ: ಮನೆಮಂದಿ ಮರದ ಸುತ್ತ ಸೇರಿ ಉಡುಗೊರೆ ಬಿಚ್ಚುತ್ತಾರೆ. ಎಷ್ಟೋ ಮನೆಗಳಲ್ಲಿ ಊಟಕ್ಕೆ ಬರೀ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್. ಅಡುಗೆಮನೆಯಲ್ಲೂ ಗಡಿಬಿಡಿ ಇಲ್ಲ.

ಎರಡೂ ಕ್ಯಾಲೆಂಡರ್ ಒಂದಾಗೋ ದಿನಗಳಲ್ಲಿ ಒಂದು ನವೆಂಬರ್ 1. ಅವತ್ತು ರಾಜಾಜಿನಗರದ ಆಟೋಗಳಿಗೆಲ್ಲ ಕೆಂಪು-ಹಳದಿ ಬಾವುಟ, ಬೀದಿ ಬೀದಿಯಲ್ಲಿ ಭುವನೇಶ್ವರಿಯ ಫೋಟೋ, ಸಂಜೆ ಆರ್ಕೆಸ್ಟ್ರಾ. ಸ್ಟುಟ್‌ಗಾರ್ಟ್‌ನಲ್ಲಿ ಅವತ್ತು ಸಕಲ ಸಂತರ ದಿನ. ಜನ ಸ್ಮಶಾನಕ್ಕೆ ಹೋಗಿ, ಮನೆ ಹಿರಿಯರ ಸಮಾಧಿ ಮೇಲೆ ಹೂವಿಟ್ಟು ದೀಪ ಹಚ್ಚುತ್ತಾರೆ. ನಮ್ಮ ಪಿತೃಪಕ್ಷ ನೆನಪಾಗುತ್ತೆ, ಅಲ್ವಾ?

ಆ ದಿನ ನಮ್ಮ ಟೀಮಿಗೆ ಒಂದೂ ಕಾಲ್ ಬರಲ್ಲ. ಕಾರಣ ಕನ್ನಡವಲ್ಲ, ಸ್ಟುಟ್‌ಗಾರ್ಟ್‌ನ ಸಮಾಧಿಗಳು! ಯುಗಾದಿಗೆ ಆ ಅದೃಷ್ಟ ಇರಲಿಲ್ಲ. ಕಂಪನಿ ಲೆಕ್ಕದಲ್ಲಿ ರಜೆ, ಆದ್ರೆ ಅಮ್ಮ ಬೇವು-ಬೆಲ್ಲ ಹಿಡಿದು ನಿಂತಿರೋವಾಗ ನಾವೆಲ್ಲ ಹೆಡ್‌ಸೆಟ್ ಹಾಕಿಕೊಂಡು ಕೂತಿರ್ತಿದ್ವಿ. ‘ಅವರಿಗೆ ರಜೆ ಇಲ್ವಲ್ಲ’ ಅನ್ನೋದು ನಮ್ಮ ಮ್ಯಾನೇಜರ್ ಮಾತು.

ಒಂದು ಸಲ ಆ ಕಡೆಯ ಸೀನಿಯರ್ ಇಂಜಿನಿಯರ್ ಒಬ್ಬರು ಕೇಳಿದರು: ‘ಇವತ್ತು ನಿಮಗೆ ಹೊಸ ವರ್ಷ ಅಂತೀರಿ, ಮತ್ತೆ ಆನ್‌ಲೈನ್ ಯಾಕಿದ್ದೀರಿ?’ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮುಂದಿನ ವಾರ ಟೀಮಿನ ಹುಡುಗಿಯೊಬ್ಬಳು ಕರ್ನಾಟಕದ ರಜೆಗಳನ್ನೆಲ್ಲ ಎರಡೂ ಕಡೆಯವರು ನೋಡೋ ಕ್ಯಾಲೆಂಡರ್‌ಗೆ ಹಾಕಿ, ‘ಈ ದಿನಗಳಲ್ಲಿ ಬೆಂಗಳೂರಿನಲ್ಲಿ ಯಾರೂ ಇರಲ್ಲ’ ಅಂತ ಒಂದು ಸಾಲು ಬರೆದಳು. ಸ್ಟುಟ್‌ಗಾರ್ಟ್‌ನವರು ಗೌರಿ-ಗಣೇಶದ ಮೇಲೆ ಬಿದ್ದಿದ್ದ ರಿಲೀಸನ್ನು ಎರಡು ದಿನ ಮುಂದಕ್ಕೆ ಹಾಕಿದರು. ಒಂದು ಪ್ರಶ್ನೆಯೂ ಬರಲಿಲ್ಲ.

ಕಾಕತಾಳೀಯ ನೋಡಿ. ಜರ್ಮನಿಯ ಉದ್ಯೋಗಿಗಳಿಗೆ ವರ್ಷದ ರಜೆಯ ಹಕ್ಕು ಕೊಟ್ಟ ಕಾನೂನು 1963ರದ್ದು. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ನಮ್ಮ ರಾಜ್ಯದ ಕಾಯ್ದೆಯೂ 1963ರದ್ದೇ. ನವೆಂಬರ್ 1 ಸೇರಿ ಐದು ದಿನಗಳನ್ನು ಅದು ಹೆಸರಿಸುತ್ತದೆ, ಜೊತೆಗೆ ಇನ್ನೂ ಐದು ಹಬ್ಬದ ರಜೆ. ಆ ದಿನ ಕೆಲಸ ಮಾಡಿಸಿದರೆ ದುಪ್ಪಟ್ಟು ಸಂಬಳ, ಇಲ್ಲವೇ ಬದಲಿ ರಜೆ. ಕಾನೂನು ಎರಡೂ ಕಡೆ ಇದೆ. ಅಲ್ಲಿ ಜನ ಅದನ್ನು ಬಳಸ್ತಾರೆ, ಅಷ್ಟೇ ವ್ಯತ್ಯಾಸ.

ಜರ್ಮನ್ನರ ಮೌನ ನಮಗೆ ಬೇಡ. ನಮ್ಮ ಹಬ್ಬಕ್ಕೆ ಪಟಾಕಿ, ಹೋಳಿಗೆ, ನೆಂಟರ ಗಲಾಟೆ ಎಲ್ಲ ಇರಲಿ. ಆದ್ರೆ ಆ ಗಲಾಟೆ ಮಧ್ಯೆ ನಾವೂ ಇರಬೇಕಲ್ವಾ? ಮುಂದಿನ ಹಬ್ಬ ಯಾವಾಗ ಅಂತ ನೋಡಿ, ಇವತ್ತೇ ಕ್ಯಾಲೆಂಡರ್‌ಗೆ ಹಾಕಿಬಿಡಿ.