ಹೋಟೆಲ್ ಕೋಣೆಯ ಬಾಲ್ಕನಿ ಬಾಗಿಲು ಮತ್ತು ನಿಮ್ಮ ಪುಟ್ಟ ಮಗು

ಬೇಸಿಗೆ ರಜೆ ಬಂತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಸೂಟ್‌ಕೇಸ್ ಕೆಳಗಿಳಿಯುತ್ತದೆ. ವಿಸಿಟ್ ವೀಸಾದಲ್ಲಿ ಗಲ್ಫ್‌ಗೆ ಗಂಡನ ಬಳಿ ಹೊರಡುವವರು, ಉಮ್ರಾಕ್ಕೆ ಹೊರಡುವವರು, ನಾಲ್ಕು ದಿನ ಊಟಿಗೋ ಗೋವಾಕ್ಕೋ ಹೋಗಿ ಬರುವವರು. ಹೊರಡುವ ಮುನ್ನ ಕ್ಲಿನಿಕ್‌ಗೆ ಬಂದು ಮಗುವಿನ ಜ್ವರಕ್ಕೆ, ವಾಂತಿಭೇದಿಗೆ ಔಷಧಿ ಕಟ್ಟಿಸಿಕೊಂಡು ಹೋಗುತ್ತಾರೆ. ಆಗ ನಾನು ಒಂದು ಪ್ರಶ್ನೆ ಕೇಳುತ್ತೇನೆ: "ನೀವು ಇಳಿದುಕೊಳ್ಳುವ ಕೋಣೆಗೆ ಬಾಲ್ಕನಿ ಇದೆಯೇ?" ಹೆಚ್ಚಿನವರು ನಗುತ್ತಾರೆ. ಸಮುದ್ರ ಕಾಣುವ ಬಾಲ್ಕನಿಯೇ ಇದೆ ಡಾಕ್ಟ್ರೇ ಎಂದು ಸಂತೋಷದಿಂದ ಹೇಳುವವರೂ ಇದ್ದಾರೆ.

ಕೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾವು ದುಬೈಗೆ ಹೋಗಿ ಒಂದು ಹೋಟೆಲ್ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲಿ ಇಳಿದಿದ್ದೆವು. ಕೋಣೆ ಸೇರುವಾಗ ನಡುರಾತ್ರಿ ದಾಟಿತ್ತು. ಫಜ್ರ್‌ಗೆ ನನ್ನ ಗಂಡ ಕೆಳಗಿನ ಮಸೀದಿಗೆ ಹೋದರು. ನಾನು ಎದ್ದಿದ್ದೇನೆ, ಮಗುವಿನ ಬಳಿ ಇದ್ದೇನೆ ಎಂದು ಅವರ ಲೆಕ್ಕ. ನಾನು ವುಝೂ ಮಾಡಲು ಸ್ನಾನದ ಕೋಣೆಗೆ ಹೋಗಿದ್ದೆ, ಅವರು ಇನ್ನೂ ಹೊರಟಿಲ್ಲ ಎಂದು ನನ್ನ ಲೆಕ್ಕ. ಹೊರಗೆ ಬಂದಾಗ ಮುಖಕ್ಕೆ ಬಿಸಿ ಗಾಳಿ ಬಡಿಯಿತು. ಏಸಿ ಹಾಕಿದ ಕೋಣೆಗೆ ಬಿಸಿ ಗಾಳಿ ಎಲ್ಲಿಂದ ಎಂದು ತಿರುಗಿ ನೋಡಿದರೆ, ಮೂರು ವರ್ಷ ತುಂಬದ ಮಗಳು ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು, ಕಂಬಿ ಹಿಡಿದು ಕೆಳಗೆ ಬಗ್ಗಿ ಅಬ್ಬಾನನ್ನು ಕರೆಯುತ್ತಿದ್ದಳು. ನಾನು ಕೂಗಲಿಲ್ಲ. ಕೂಗಿದರೆ ಬೆಚ್ಚಿ ತಿರುಗುತ್ತಾಳೆಂದು ಹೆದರಿ, ಸದ್ದಿಲ್ಲದೆ ಹೋಗಿ ಸೊಂಟ ಹಿಡಿದು ಎತ್ತಿಕೊಂಡೆ. ಅಲ್ಹಮ್ದುಲಿಲ್ಲಾಹ್, ಮಗು ಕೈಗೆ ಸಿಕ್ಕಿತು. ರಾತ್ರಿ ಬಂದ ಕೂಡಲೇ ನಾವಿಬ್ಬರೂ ಆ ಬಾಗಿಲು ಸರಿಸಿ ಹೊರಗೆ ನೋಡಿದ್ದೆವು. ಮುಚ್ಚಿದ್ದೂ ನಿಜ. ಚಿಲಕ ಹಾಕಿರಲಿಲ್ಲ.

ನಾವು ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇವೆ ಎಂದು ಎಲ್ಲ ತಂದೆತಾಯಿಯರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆದರೆ ಅಪಾಯ ಬರುವುದು ನೀವು ನೋಡುತ್ತಿರುವಾಗ ಅಲ್ಲ, ಮಗು ಇನ್ನೊಬ್ಬರ ಬಳಿ ಇದೆ ಎಂದು ಇಬ್ಬರೂ ಅಂದುಕೊಂಡಿರುವ ಆ ಐದು ನಿಮಿಷದಲ್ಲಿ. ಆ ಐದು ನಿಮಿಷ ಬಾಗಿಲು ತನ್ನಷ್ಟಕ್ಕೆ ಮಗುವನ್ನು ತಡೆಯುವಂತಿರಬೇಕು. ಯೂನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಹೇಳುತ್ತೇವೆ, ಅಸ್ಬಾಬೆ ಸಿತ್ತಾ ಝರೂರಿಯಾ. ನಿದ್ದೆ ಮತ್ತು ಎಚ್ಚರ ಅವುಗಳಲ್ಲಿ ಒಂದು. ಪ್ರಯಾಣದಲ್ಲಿ ಮೊದಲು ಕೆಡುವುದೇ ಅದು. ದೊಡ್ಡವರು ಸುಸ್ತಾಗಿ ಗಾಢವಾಗಿ ಮಲಗುತ್ತಾರೆ, ವಿಮಾನದಲ್ಲಿ ಮಲಗಿದ್ದ ಮಗು ಹೊತ್ತಲ್ಲದ ಹೊತ್ತಿನಲ್ಲಿ ಏಳುತ್ತದೆ. ಅದಕ್ಕೆ ಎಲ್ಲವೂ ಹೊಸದು. ಮನೆಯಲ್ಲಾದರೆ ಯಾವ ಬಾಗಿಲಿನ ಆಚೆ ಏನಿದೆ ಎಂದು ಅದಕ್ಕೆ ಗೊತ್ತು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬಾಲ್ಕನಿಯ ತಡೆಗೋಡೆ ಅಥವಾ ಕಂಬಿ ಕನಿಷ್ಠ 1 ಮೀಟರ್ ಎತ್ತರ ಇರಬೇಕು. ಮೂರು ವರ್ಷದ ಮಗುವಿನ ಸರಾಸರಿ ಎತ್ತರ ಸುಮಾರು 95 ಸೆಂಟಿಮೀಟರ್. ನೆಲದ ಮೇಲೆ ನಿಂತರೆ ಕಂಬಿ ಅದರ ತಲೆಗಿಂತ ಮೇಲಿದೆ, ಸರಿ. ಅದೇ ಮಗು 45 ಸೆಂಟಿಮೀಟರ್ ಎತ್ತರದ ಕುರ್ಚಿ ಹತ್ತಿದರೆ ಕಂಬಿ ಅದರ ಹೊಟ್ಟೆಯ ಮಟ್ಟಕ್ಕೆ ಇಳಿಯುತ್ತದೆ. ಇನ್ನು ಚಿಕ್ಕ ಮಕ್ಕಳ ದೇಹದ ಅಳತೆಯೇ ಬೇರೆ. ಹುಟ್ಟಿದಾಗ ತಲೆ ದೇಹದ ಉದ್ದದ ನಾಲ್ಕನೇ ಒಂದು ಪಾಲು, ದೊಡ್ಡವರಲ್ಲಿ ಸುಮಾರು ಎಂಟನೇ ಒಂದು ಪಾಲು. ಪುಟ್ಟ ಮಗುವಿನ ಭಾರ ಮೇಲ್ಭಾಗದಲ್ಲೇ ಹೆಚ್ಚು. ಅದು ಬಗ್ಗಿ ನೋಡಿದರೆ ತಲೆಯೇ ದೇಹವನ್ನು ಮುಂದಕ್ಕೆ ಎಳೆಯುತ್ತದೆ, ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಲ ತೋಳಿನಲ್ಲಿ ಇರುವುದಿಲ್ಲ.

ಆದ್ದರಿಂದ ಕೋಣೆಗೆ ಕಾಲಿಟ್ಟ ಕೂಡಲೇ, ಸೂಟ್‌ಕೇಸ್ ಬಿಚ್ಚುವ ಮೊದಲು, ಒಬ್ಬರು ಮಗುವನ್ನು ಎತ್ತಿಕೊಂಡು ನಿಲ್ಲಿ, ಇನ್ನೊಬ್ಬರು ಬಾಲ್ಕನಿಗೆ ಹೋಗಿ. ಅಲ್ಲಿರುವ ಕುರ್ಚಿ, ಟೀಪಾಯಿ, ಬಟ್ಟೆ ಒಣಗಿಸುವ ಸ್ಟ್ಯಾಂಡ್ ಎಲ್ಲವನ್ನೂ ಒಳಗೆ ತನ್ನಿ. ಏಸಿಯ ಹೊರಗಿನ ಪೆಟ್ಟಿಗೆ ಕಂಬಿಯ ಪಕ್ಕದಲ್ಲೇ ಇದ್ದರೆ ಅದನ್ನು ಸರಿಸಲಾಗದು. ಮಗುವಿಗೆ ಅದೊಂದು ಮೆಟ್ಟಿಲು. ಅಂಥ ಕೋಣೆ ಬೇಡವೆಂದು ಬದಲಾಯಿಸಿಕೊಳ್ಳಿ. ಕಂಬಿಗಳು ಅಡ್ಡಡ್ಡ ಇದ್ದರೆ ಅವೇ ಏಣಿ. ಉದ್ದುದ್ದ ಇದ್ದರೆ ನಡುವಿನ ಸಂದು ನೋಡಿ. 10 ಸೆಂಟಿಮೀಟರ್, ಅಂದರೆ 4 ಅಂಗುಲಕ್ಕಿಂತ ಹೆಚ್ಚು ಇರಬಾರದು. ಹಲವು ದೇಶಗಳ ಕಟ್ಟಡ ನಿಯಮಗಳು ಇಟ್ಟುಕೊಂಡಿರುವ ಅಳತೆ ಇದು. ಹೊರಡುವ ಮೊದಲೇ ನಿಮ್ಮ ಅಂಗೈ ಎಷ್ಟು ಅಗಲ ಎಂದು ಮನೆಯಲ್ಲಿ ಸ್ಕೇಲ್ ಇಟ್ಟು ನೋಡಿಕೊಂಡರೆ ಅಲ್ಲಿ ಟೇಪ್ ಬೇಕಾಗುವುದಿಲ್ಲ. ಹಳೆಯ ಲಾಡ್ಜ್‌ಗಳಲ್ಲಿ, ಹೋಂಸ್ಟೇಗಳಲ್ಲಿ ಕಂಬಿಯನ್ನು ಕೈಯಿಂದ ಗಟ್ಟಿಯಾಗಿ ಅಲುಗಾಡಿಸಿ ನೋಡುವುದು ಒಳ್ಳೆಯದು. ಕರಾವಳಿಯ ಉಪ್ಪು ಗಾಳಿಗೆ ಕಬ್ಬಿಣ ಬುಡದಲ್ಲೇ ತುಕ್ಕು ಹಿಡಿದಿರುತ್ತದೆ, ಬಣ್ಣದ ಕೆಳಗೆ ಕಾಣಿಸುವುದಿಲ್ಲ.

ಈಗ ಬಾಗಿಲು. ಹೋಟೆಲ್‌ಗಳಲ್ಲಿ ಹೆಚ್ಚಾಗಿ ಇರುವುದು ಅಲ್ಯೂಮಿನಿಯಂ ಚೌಕಟ್ಟಿನ ಸರಿಯುವ ಗಾಜಿನ ಬಾಗಿಲು. ಚಿಲಕ ದೊಡ್ಡವರ ಸೊಂಟದ ಎತ್ತರದಲ್ಲಿ, ಅಂದರೆ ಮಗುವಿನ ಕೈಗೆ ಎಟಕುವಲ್ಲೇ ಇರುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಸಾಕು, ತೆರೆಯುತ್ತದೆ. ಎರಡು ವರ್ಷದ ಮಗು ಅಮ್ಮ ಮಾಡುವುದನ್ನು ಒಮ್ಮೆ ನೋಡಿದರೆ ಕಲಿತುಬಿಡುತ್ತದೆ. ಮೇಲ್ಭಾಗದಲ್ಲಿ ಎರಡನೇ ಬೋಲ್ಟ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಹಳೆಯ ಉಪಾಯವೊಂದಿದೆ: ಬಾಗಿಲು ಸರಿಯುವ ಕೆಳಗಿನ ಕಾಲುವೆಯಲ್ಲಿ ಅಷ್ಟೇ ಉದ್ದದ ಗಟ್ಟಿ ಕೋಲನ್ನು ಮಲಗಿಸಿಟ್ಟರೆ ಬಾಗಿಲು ಸರಿಯುವುದಿಲ್ಲ. ಸರಿಯುವ ಗಾಜು ಒಳಗಿನ ಕಾಲುವೆಯಲ್ಲಿದ್ದರೆ ಮಾತ್ರ ಇದು ಸಾಧ್ಯ. ಮಗು ಆ ಕೋಲನ್ನು ಎತ್ತಿ ಆಟವಾಡದಂತೆ ಅಗಲದ ಟೇಪ್ ಅಂಟಿಸಿ. ಹೌಸ್‌ಕೀಪಿಂಗ್‌ನವರನ್ನು ಕೇಳಿದರೆ ಹಳೆಯ ಪೊರಕೆಯ ಕೋಲು ಸಿಗುತ್ತದೆ. ಕೇಳಲು ಸಂಕೋಚ ಬೇಡ. ಬಾಲ್ಕನಿ ಬೇಡವೇ ಬೇಡ ಎಂದಾದರೆ ಬಾಗಿಲಿಗೆ ಬೀಗ ಹಾಕಿ ಕೀ ಕೊಂಡೊಯ್ಯಿರಿ ಎಂದು ರಿಸೆಪ್ಶನ್‌ಗೆ ಹೇಳಿ. ಕೋಣೆ ಕಾದಿರಿಸುವಾಗಲೇ ಚಿಕ್ಕ ಮಗುವಿದೆ, ಬಾಲ್ಕನಿ ಇಲ್ಲದ ಕೋಣೆ ಕೊಡಿ ಎನ್ನುವುದು ಇನ್ನೂ ಸುಲಭ. ಗ್ರೂಪ್‌ನಲ್ಲಿ ಹೋಗುವವರು ಮುಖ್ಯಸ್ಥರಿಗೆ ಹೇಳಿದರೆ ಮಕ್ಕಳಿಲ್ಲದವರ ಜೊತೆ ಕೋಣೆ ಬದಲಾಯಿಸಿ ಕೊಡಬಹುದು.

ಬಾಗಿಲಿನ ಹಿಡಿಗೆ ಎರಡು ಸ್ಟೀಲ್ ಚಮಚಗಳನ್ನು ದಾರದಲ್ಲಿ ಕಟ್ಟಿ ತೂಗುಬಿಡಿ. ಸರಿದರೆ ಸದ್ದಾಗುತ್ತದೆ. ಗಾಜಿನ ಮೇಲೆ ಮಗುವಿನ ಕಣ್ಣಿನ ಮಟ್ಟಕ್ಕೆ ಒಂದು ಕಾಗದ ಅಂಟಿಸಿ, ಇಲ್ಲವಾದರೆ ಬಾಗಿಲು ತೆರೆದಿದೆ ಎಂದುಕೊಂಡು ಓಡಿ ಬಂದು ಹಣೆ ಬಡಿದುಕೊಳ್ಳುತ್ತಾರೆ. ಮಂಚ ಮತ್ತು ಸೂಟ್‌ಕೇಸ್ ಕಿಟಕಿಯ ಕೆಳಗೆ ಇರಬಾರದು. ಮಕ್ಕಾ, ಮದೀನಾಗಳಲ್ಲಿ ಕಿಟಕಿ ಮಾತ್ರ ಇರುವ ಕೋಣೆ ಸಿಕ್ಕವರೂ ಕಿಟಕಿ ಎಷ್ಟು ತೆರೆಯುತ್ತದೆ ಎಂದು ನೋಡಿಬಿಡಿ.

ಇನ್ನೊಂದು ಸಂಗತಿ ಯಾರಿಗೂ ಹೊಳೆಯುವುದಿಲ್ಲ. ತಾಯಿ ಒದ್ದೆ ಬಟ್ಟೆ ಹರವಲು ಬಾಲ್ಕನಿಗೆ ಹೋಗಿ, ತಂಪು ಹೊರಹೋಗದಿರಲೆಂದು ಬಾಗಿಲು ಎಳೆದುಕೊಳ್ಳುತ್ತಾಳೆ. ಒಳಗಿರುವ ಮಗು ಆಟಕ್ಕೆ ಚಿಲಕ ಒತ್ತುತ್ತದೆ. ಈಗ ತಾಯಿ ಹೊರಗೆ, ಮಗು ಒಳಗೆ, ಫೋನ್ ಮಂಚದ ಮೇಲೆ. ಒಲೆಯೋ ಕೆಟಲ್ಲೋ ಉರಿಯುತ್ತಿದ್ದರೆ ಏನು ಗತಿ? ಬಾಲ್ಕನಿಗೆ ಹೋಗುವಾಗ ಫೋನ್ ಕೈಯಲ್ಲಿರಲಿ, ಬಾಗಿಲಿನ ಸಂದಿಯಲ್ಲಿ ಒಂದು ಚಪ್ಪಲಿ ಇರಲಿ.

ಇಷ್ಟೆಲ್ಲ ಹೇಳಿದಾಗ ಅಜ್ಜಿಯಂದಿರು, ಆಯತುಲ್ ಕುರ್ಸಿ ಓದಿ ಊದಿದ್ದೇವಲ್ಲ, ಅಲ್ಲಾಹ್ ಕಾಯುತ್ತಾನೆ ಎನ್ನುತ್ತಾರೆ. ಓದಬೇಕು, ಖಂಡಿತ. ಆದರೆ ತಡೆಗೋಡೆಯಿಲ್ಲದ ಛಾವಣಿಯ ಮೇಲೆ ರಾತ್ರಿ ಮಲಗಬಾರದೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದು ಅಬೂದಾವೂದ್‌ರ ಹದೀಸ್ ಸಂಗ್ರಹದಲ್ಲಿದೆ. ಕತ್ತಲಾಗುವಾಗ ಮಕ್ಕಳನ್ನು ಒಳಗಿರಿಸಿ, ಅಲ್ಲಾಹನ ಹೆಸರು ಹೇಳಿ ಬಾಗಿಲು ಮುಚ್ಚಬೇಕೆಂಬುದು ಬುಖಾರಿಯಲ್ಲಿದೆ. ಹೆಸರು ಹೇಳುವುದು, ಬಾಗಿಲು ಮುಚ್ಚುವುದು ಎರಡೂ ಅಲ್ಲಿ ಒಟ್ಟಿಗೇ ಬಂದಿವೆ.

ಮನೆಯವರು ಒಂದು ಅಭ್ಯಾಸ ಮಾಡಿಕೊಳ್ಳಿ. ನಮಾಝಿಗೆ, ಸ್ನಾನಕ್ಕೆ, ಕೆಳಗಿನ ಅಂಗಡಿಗೆ ಹೋಗುವವರು "ಮಗು ಈಗ ನಿನ್ನ ಬಳಿ" ಎಂದು ಬಾಯಿಬಿಟ್ಟು ಹೇಳಲಿ. ಇನ್ನೊಬ್ಬರು "ಹ್ಞಾಂ" ಎಂದ ಮೇಲೆಯೇ ಹೊರಡಲಿ. ಐದಾರು ಮಂದಿ ನೆಂಟರು ಸೇರಿದ ಕೋಣೆಯಲ್ಲಿ ಇದು ಇನ್ನೂ ಅಗತ್ಯ. ಅಲ್ಲಿ ಎಲ್ಲರೂ ನೋಡುತ್ತಿರುತ್ತಾರೆ ಎಂದುಕೊಂಡು ಯಾರೂ ನೋಡುತ್ತಿರುವುದಿಲ್ಲ. ಏಳೆಂಟು ವರ್ಷದ ಅಕ್ಕನಿಗೆ ಈ ಜವಾಬ್ದಾರಿ ಕೊಡಬೇಡಿ.

ಬಿದ್ದೇಬಿಟ್ಟರೆ ಏನು ಮಾಡಬೇಕು ಎಂಬುದನ್ನೂ ಹೇಳಲೇಬೇಕು. ಯೂನಾನಿ ಗ್ರಂಥಗಳಲ್ಲಿ ಏಟು ಮತ್ತು ಬೀಳುವಿಕೆಗೆ, ಝರ್ಬಾ ಮತ್ತು ಸಕ್ತಾ ಎಂಬ ಹೆಸರಿನಲ್ಲಿ, ಲೇಪ ತೈಲಗಳ ವಿವರಗಳಿವೆ. ಅವನ್ನು ಓದಿದವಳಾಗಿಯೇ ಹೇಳುತ್ತೇನೆ: ಎತ್ತರದಿಂದ ಬಿದ್ದ ಮಗುವಿಗೆ ಮೊದಲು ಬೇಕಾದದ್ದು ದೊಡ್ಡ ಆಸ್ಪತ್ರೆ. ಎಣ್ಣೆ ಹಚ್ಚಿ ತಿಕ್ಕಬೇಡಿ, ನೀರಾಗಲಿ ಜೇನಾಗಲಿ ಕುಡಿಸಬೇಡಿ, ಹೆದರಿಕೆಯಲ್ಲಿ ಎತ್ತಿ ಅಲುಗಾಡಿಸಬೇಡಿ. ಕುತ್ತಿಗೆ ಹೊರಳದಂತೆ ತಲೆಯನ್ನು ಎರಡೂ ಕಡೆ ಹಿಡಿದು, ಆಂಬುಲೆನ್ಸ್ ಕರೆಯಿರಿ. ನಮ್ಮಲ್ಲಿ 108, ಯುಎಇಯಲ್ಲಿ 998, ಸೌದಿಯಲ್ಲಿ 997. ಎರಡು ವರ್ಷದೊಳಗಿನ ಮಗು 3 ಅಡಿಗಿಂತ, ಅದಕ್ಕೂ ದೊಡ್ಡ ಮಗು 5 ಅಡಿಗಿಂತ ಹೆಚ್ಚು ಎತ್ತರದಿಂದ ಬಿದ್ದಿದ್ದರೆ, ಅತ್ತು ಸುಮ್ಮನಾಗಿ ಆಟವಾಡುತ್ತಿದ್ದರೂ ವೈದ್ಯರಿಗೆ ತೋರಿಸಬೇಕು. ಮತ್ತೆಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಅಪಸ್ಮಾರದಂಥ ನಡುಕ, ಕಿವಿ ಮೂಗಿನಿಂದ ರಕ್ತ ಅಥವಾ ನೀರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಎಳೆಯ ಕೂಸಾದರೆ ನೆತ್ತಿ ಉಬ್ಬುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಇವು ಬಿದ್ದ ಕೂಡಲೇ ಕಾಣದೆ ಮರುದಿನ ಕಾಣಿಸಿಕೊಳ್ಳುವುದೂ ಉಂಟು. ಹಾಗಾಗಿ ವೈದ್ಯರು ಮನೆಗೆ ಕಳುಹಿಸಿದ ಮೇಲೂ ಎರಡು ದಿನ ಮಗುವನ್ನು ನಿಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳಿ.